ಕೆಂಪು ಬಟ್ಟೆ ತೋರಿಸಿದ ದಿಕ್ಕು

ಹೊಗೆ ಬಂತೆಂದರೆ ಕಿಟಕಿ ಹಾಕಿಕೊಳ್ಳುವುದು ನಮಗೆಲ್ಲ ರೂಢಿ. ಯಾರ ಹೊಗೆ ಎಂದು ಹೋಗಿ ಕೇಳುವುದು ರೂಢಿಯಲ್ಲ.

ಆ ಬೀದಿಯ ಕೊನೆಯಲ್ಲಿ ಒಂದು ಗುಜರಿ ಅಂಗಡಿ. ಅಂಗಡಿಯ ಒಂದು ಮಗ್ಗುಲಿಗೆ ಗುಜರಿಯವನ ಮನೆ, ಇನ್ನೊಂದು ಮಗ್ಗುಲಿಗೆ ಮೊಣಕೈ ಎತ್ತರದ ಗೋಡೆ, ಗೋಡೆಯಾಚೆ ಟೈಲರ್ ಮನೆ. ಹಳೆಯ ವೈರುಗಳ ಪ್ಲಾಸ್ಟಿಕ್ ಸುಟ್ಟು ಒಳಗಿನ ತಾಮ್ರ ತೆಗೆಯುವುದು ಗುಜರಿಯವನ ಕೆಲಸ. ವಾರಕ್ಕೆ ಎರಡು ಮೂರು ಸಲ ಅಂಗಳದ ಡ್ರಮ್ಮಿಗೆ ಬೆಂಕಿ ಬೀಳುತ್ತಿತ್ತು.

ಒಮ್ಮೆ ಹೊಗೆ ಅವನ ಮನೆಯ ಕಡೆಗೇ ತಿರುಗಿ, ಒಗೆದು ಹಾಕಿದ್ದ ಬಟ್ಟೆಗಳ ಮೇಲೆಲ್ಲ ಮಸಿ ಕೂತಿತು. ಹೆಂಡತಿ ಅವನ ಬೆವರಿಳಿಸಿದಳು. ಮರುದಿನವೇ ಅವನು ಟೈಲರ್ ಹತ್ತಿರ ಹೋಗಿ ಒಂದು ಉದ್ದನೆಯ ಕೆಂಪು ಬಟ್ಟೆಯ ತುಂಡು ಕೇಳಿದ.

"ಯಾಕಪ್ಪಾ, ಹಕ್ಕಿ ಓಡಿಸೋಕಾ?" ಎಂದ ಟೈಲರ್.

"ಹ್ಞೂಂ, ಹಾಗೇ ಅನ್ಕೋ" ಎಂದ ಇವನು.

ತುಂಡನ್ನು ಕಬ್ಬಿಣದ ಕೊಳವೆಯ ತುದಿಗೆ ಕಟ್ಟಿ ಅಂಗಳದಲ್ಲಿ ನಿಲ್ಲಿಸಿದ. ಬಟ್ಟೆ ತನ್ನ ಮನೆಯ ಕಡೆ ಹಾರುತ್ತಿದ್ದರೆ ಆ ದಿನ ಬೆಂಕಿಯಿಲ್ಲ. ಗೋಡೆಯ ಕಡೆ ಹಾರುತ್ತಿದ್ದರೆ ಹೆಂಡತಿಯೇ ಒಳಗಿನಿಂದ ಕೂಗುವಳು: "ರೀ, ಇವತ್ತು ಸುಡಬಹುದು!"

ಟೈಲರ್ ಎರಡು ಸಲ ಗೋಡೆಯ ಹತ್ತಿರ ಬಂದು ಹೇಳಿದ್ದ. "ನನ್ನ ಮಗಳಿಗೆ ಉಸಿರಾಟದ ತೊಂದರೆ ಕಣಯ್ಯಾ. ಹೊಗೆ ಸೀದಾ ನಮ್ಮನೆಗೇ ಬರುತ್ತೆ."

"ಅಣ್ಣಾ, ಗಾಳಿ ನನ್ನ ಮಾತು ಕೇಳುತ್ತಾ?" ಎಂದಿದ್ದ ಗುಜರಿಯವನು. ಆ ಮಾತು ಟೈಲರ್‌ಗೆ ಸರಿಯೆನಿಸಿತ್ತು. ಹೌದಲ್ಲ, ಗಾಳಿಗೆ ಯಾರು ಹೇಳುತ್ತಾರೆ? ಹೋಗಿ ಕಿಟಕಿ ಹಾಕಿಕೊಂಡ.

ಡ್ರಮ್ಮು ಉರಿಯುತ್ತಿದ್ದ ಒಂದು ಬೆಳಿಗ್ಗೆ ಮಗುವಿಗೆ ಉಸಿರು ಕಟ್ಟಿತು. ಎಂಟು ವರ್ಷದ ಹುಡುಗಿ, ತುಟಿ ನೀಲಿಯಾಗಿತ್ತು. ಟೈಲರ್ ಅವಳನ್ನು ಹೆಗಲಿಗೆ ಹಾಕಿಕೊಂಡು ಆರೋಗ್ಯ ಕೇಂದ್ರಕ್ಕೆ ಓಡಿದ. ಮಧ್ಯಾಹ್ನ ಅವರ ಜೊತೆ ಅಲ್ಲಿನ ನರ್ಸಮ್ಮನೂ ಬಂದರು. ಸೀದಾ ಗುಜರಿ ಅಂಗಡಿಗೇ ಬಂದು, ತಕ್ಕಡಿಯ ಪಕ್ಕದ ಸ್ಟೂಲಿನ ಮೇಲೆ ಕೂತರು. ಟೈಲರ್ ಮಗಳ ಕೈ ಹಿಡಿದು ಬಾಗಿಲಲ್ಲೇ ನಿಂತ.

"ನನ್ನೊಬ್ಬನದೇ ಹೊಗೆನಾ, ನರ್ಸಮ್ಮಾ?" ಗುಜರಿಯವನೇ ಮೊದಲು ಶುರುಮಾಡಿದ. "ದೊಡ್ಡ ರಸ್ತೇಲಿ ಬಸ್ಸು, ಲಾರಿ. ಮೂಲೇಲಿ ಕಸ ಸುಡ್ತಾರೆ. ಎಲ್ಲಾ ಬಿಟ್ಟು ನನ್ನ ಡ್ರಮ್ಮೇ ಕಣ್ಣಿಗೆ ಬಿತ್ತಾ?"

"ಅವೂ ಸೇರಿವೆ, ಇಲ್ಲ ಅನ್ನಲ್ಲ" ಎಂದರು ನರ್ಸಮ್ಮ. "ಎಲ್ಲ ಹೊಗೇಲೂ ಸಣ್ಣ ಕಣ ಇರುತ್ತೆ. ತಲೆಕೂದಲಿಗಿಂತ ಇಪ್ಪತ್ತು ಮೂವತ್ತು ಪಟ್ಟು ಸಣ್ಣದು. ಮೂಗಿನ ಕೂದಲು ತಡೆಯಲ್ಲ, ಕರ್ಚೀಫು ತಡೆಯಲ್ಲ. ಶ್ವಾಸಕೋಶದ ತಳಕ್ಕೆ ಹೋಗಿ, ಅಲ್ಲಿಂದ ರಕ್ತಕ್ಕೂ ಸೇರುತ್ತೆ. ನಿಮ್ಮ ವೈರಿನ ಪ್ಲಾಸ್ಟಿಕ್ ಸುಟ್ಟರೆ ಅದರ ಜೊತೆಗೆ ಇನ್ನೂ ಕೆಟ್ಟ ವಿಷ."

"ಮೂವತ್ತು ವರ್ಷದಿಂದ ಸುಡ್ತಾ ಇದೀನಿ. ನೋಡಿ, ಕಲ್ಲಿನ ಹಾಗಿದೀನಿ."

"ಕಲ್ಲೇ!" ಎಂದಳು ಹೆಂಡತಿ ಒಳಗಿನಿಂದ. "ಹತ್ತು ಮೆಟ್ಟಿಲು ಹತ್ತೋಕೆ ಮೂರು ಕಡೆ ಕೂರೋ ಕಲ್ಲು."

ನರ್ಸಮ್ಮ ನಗಲಿಲ್ಲ. "ಅದು ಬರೀ ವಯಸ್ಸಲ್ಲ, ಹೊಗೆಯೂ ಇರಬಹುದು. ಬಂದು ತೋರಿಸಿ. ದಮ್ಮು ಒಂದೇ ಅಲ್ಲ, ಹೃದಯಾಘಾತ, ಪಾರ್ಶ್ವವಾಯು ಕೂಡ ಇದರಿಂದ ಬರುತ್ತೆ. ಮಕ್ಕಳಿಗೆ, ಬಸುರಿಯರಿಗೆ, ಮುದುಕರಿಗೆ ಬೇಗ ತಾಗುತ್ತೆ." ಆಮೇಲೆ ಹುಡುಗಿಯ ಕಡೆ ತಿರುಗಿದರು. "ನಿಂಗೆ ಯಾವಾಗ ಜಾಸ್ತಿ ಆಗುತ್ತೆ ಪುಟ್ಟಾ? ಚಳಿ ಇದ್ದಾಗಲಾ?"

ಹುಡುಗಿ ಕೈಯಲ್ಲಿದ್ದ ಇನ್‌ಹೇಲರ್‌ನಿಂದಲೇ ಮೇಲಕ್ಕೆ ತೋರಿಸಿದಳು. "ಆ ಕೆಂಪು ಬಟ್ಟೆ ನಮ್ಮನೆ ಕಡೆ ಹಾರಿದಾಗ. ಅದು ಮಾಮನ ಮನೆ ಕಡೆ ಹಾರಿದ್ರೆ ಮಾಮ ಬೆಂಕಿನೇ ಹಾಕಲ್ಲ. ನಾನು ಬೆಳಿಗ್ಗೆ ಎದ್ದು ಅದನ್ನೇ ನೋಡೋದು. ನಮ್ಮ ಕಡೆ ಇದ್ರೆ ಮೊದಲೇ ಕಿಟಕಿ ಹಾಕ್ತೀನಿ."

ಮಗು ದೂರು ಹೇಳಲಿಲ್ಲ. ಮಳೆ ಬಂದರೆ ಕೊಡೆ ಹಿಡಿಯುತ್ತೇನೆ ಎಂಬಂತೆ ಹೇಳಿತು, ಅಷ್ಟೆ.

ಟೈಲರ್ ಬಟ್ಟೆಯನ್ನು ನೋಡಿದ, ಡ್ರಮ್ಮನ್ನು ನೋಡಿದ, ಗೋಡೆಯಾಚೆಯ ತನ್ನ ಕಿಟಕಿಯನ್ನು ನೋಡಿದ.

"ಹಕ್ಕಿಗೆ ಅಂದಿದ್ದೆ ನೀನು" ಎಂದ.

ಬಸ್ಸು, ಲಾರಿ, ಮೂಲೆಯ ಕಸ ಯಾವುದೂ ಗುಜರಿಯವನ ಸಹಾಯಕ್ಕೆ ಬರಲಿಲ್ಲ. ಗಾಳಿ ತನ್ನ ಮಾತು ಕೇಳುವುದಿಲ್ಲ ನಿಜ. ಆದರೆ ತಾನು ಗಾಳಿಯ ಮಾತು ಕೇಳಿ, ದಿಕ್ಕು ನೋಡಿ, ಆ ಮಗುವಿನ ಮೂಗಿಗೆ ಗುರಿಯಿಟ್ಟು ಬೆಂಕಿ ಹಚ್ಚಿದ್ದ. ತನ್ನ ಮನೆಯ ಅಂಗಿ ಲಂಗ ಕಪ್ಪಾಗದಿರಲಿ ಎಂದು.

"ಕೊಡು" ಎಂದ ಟೈಲರ್. "ನನ್ನ ಬಟ್ಟೆ ನನಗೆ ಕೊಡು."

ಗುಜರಿಯವನು ಡ್ರಮ್ಮನ್ನೇ ಬೋರಲು ಹಾಕಿ ಹತ್ತಿದ. ಗಂಟು ಬಿಗಿಯಾಗಿತ್ತು. ಹೆಂಡತಿಯೂ ಹೊರಗೆ ಬಂದಿದ್ದಳು, ಕೆಳಗೆ ನಾಲ್ಕು ಜನ ಕತ್ತೆತ್ತಿ ನೋಡುತ್ತಿದ್ದರು. ಬಿಚ್ಚಲು ಎಷ್ಟು ಹೊತ್ತು ಹಿಡಿಯಿತೋ! ಹಲ್ಲಿನಿಂದ ಎಳೆದಾಗ ಬಾಯಿಗೆ ಮಸಿಯ ಕಹಿ ತಾಗಿತು. ಟೈಲರ್ ತುಂಡನ್ನು ಇಸಿದುಕೊಂಡು ನಾಲ್ಕು ಮಡಿಕೆ ಮಡಿಸಿ, ಮಗಳನ್ನು ಕರೆದುಕೊಂಡು ಹೊರಟ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಕರೆಂಟಿನ ಕೆಲಸದವರ ಹತ್ತಿರ ವೈರು ಸುಲಿಯೋ ಕೈಮಿಷನ್ ಇರುತ್ತೆ, ವಿಚಾರಿಸಿ" ಎಂದರು ನರ್ಸಮ್ಮ ಏಳುತ್ತಾ. "ನಿಮ್ಮ ಬೆಂಕಿ ನಿಂತ ಮಾತ್ರಕ್ಕೆ ಅವಳ ಕಾಯಿಲೆ ಹೋಗಿಬಿಡಲ್ಲ. ಕಾಟ ಕಡಿಮೆ ಆಗುತ್ತೆ."

ಈಗ ಗಂಡ ಹೆಂಡತಿ ಅಂಗಳದಲ್ಲಿ ಕೂತು ವೈರು ಸುಲಿಯುತ್ತಾರೆ. ಒಂದು ದಿನದ ಕೆಲಸಕ್ಕೆ ಮೂರು ದಿನ ಬೇಕು. ಬೆರಳು ಗೀರಿಕೊಂಡಾಗಲೆಲ್ಲ ಹೆಂಡತಿ ಗೊಣಗುತ್ತಾಳೆ, ಆದರೆ "ಇವತ್ತು ಸುಡಬಹುದು" ಎಂದು ಮತ್ತೆ ಕೂಗಿಲ್ಲ. ಮೂಲೆಯ ಕಸಕ್ಕೆ ಯಾರಾದರೂ ಕಡ್ಡಿ ಗೀರಿದರೆ ಗುಜರಿಯವನೇ ಬಕೆಟ್ ಹಿಡಿದು ಓಡುತ್ತಾನೆ. ಟೈಲರ್ ಎದುರಾದರೆ ಮಾತ್ರ ಅವನಿಗೆ ಇವತ್ತಿಗೂ ತಲೆ ಮೇಲೇಳುವುದಿಲ್ಲ. ಟೈಲರ್ ಕೂಡ ಮಾತಾಡಿಸುವುದಿಲ್ಲ. ಆದರೆ ಗೋಡೆಯಾಚೆಯ ಕಿಟಕಿ ಬೆಳಿಗ್ಗೆ ತೆರೆದಿರುತ್ತದೆ. ಗುಜರಿಯವನು ಎದ್ದ ಕೂಡಲೇ ನೋಡುವುದು ಅದನ್ನೇ.

ಓದಿದವರೇ, ಕೇಳಿದವರೇ, ನಿಮ್ಮ ಅಂಗಳದಲ್ಲಿ ಕೆಂಪು ಬಟ್ಟೆ ಇಲ್ಲದಿರಬಹುದು. ಆದರೆ ಕಸಕ್ಕೆ, ಟೈರಿಗೆ, ಒಣಗಿದ ಎಲೆಗೆ ಕಡ್ಡಿ ಗೀರುವ ಮುಂಚೆ ಹೊಗೆ ನಮ್ಮ ಕಡೆ ಬರುತ್ತದೆಯೇ ಎಂದು ನೀವೂ ಒಮ್ಮೆ ನೋಡುತ್ತೀರಿ. ಇನ್ನು ಮೇಲೆ ಅದು ಯಾರ ಕಡೆ ಹೋಗುತ್ತದೆ ಎಂದೂ ನೋಡಿ. ಪ್ಲಾಸ್ಟಿಕ್ಕು, ರಬ್ಬರು ಸುಡಬೇಡಿ. ಕಸ ಒಯ್ಯುವವರಿಗೆ ಕೊಡಿ. ನಿಮ್ಮ ಗಾಡಿ ಕಪ್ಪು ಹೊಗೆ ಉಗುಳುತ್ತಿದ್ದರೆ ರಿಪೇರಿ ಮಾಡಿಸಿ. ಮನೆಯಲ್ಲಿ ಯಾರಿಗಾದರೂ ಬಿಡದ ಕೆಮ್ಮು, ಏದುಸಿರು ಇದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಇವತ್ತೇ ಕರೆದೊಯ್ಯಿರಿ. ಪಕ್ಕದವರ ಹೊಗೆ ನಿಮ್ಮ ಮನೆಗೆ ಬಂದರೆ ಕಿಟಕಿ ಹಾಕಿಕೊಂಡು ಸುಮ್ಮನಾಗಬೇಡಿ, ಹೋಗಿ ಕೇಳಿ.

ಹೊಗೆ ನಿಮ್ಮದೇ ಆಗಿದ್ದರೆ, ಒಂದು ಮಗು ಬೆರಳು ತೋರಿಸುವವರೆಗೆ ಕಾಯಬೇಡಿ.