ಪೆಟ್ಟಿಗೆ ಆಟಕ್ಕೆ ಗುಲಾಬಿ ಸೆಲ್ಲು

ಅಪ್ಪ ಲಿಫ್ಟ್ ನಡೆಸುತ್ತಿದ್ದ. ದೊಡ್ಡ ಕಚೇರಿ ಕಟ್ಟಡವೊಂದರಲ್ಲಿ ಜಾಲರಿ ಬಾಗಿಲೆಳೆದು, ಹಿಡಿಕೆ ತಿರುಗಿಸಿ, ಜನರನ್ನು ಮೇಲಕ್ಕೆ ಕೆಳಕ್ಕೆ ಸಾಗಿಸುತ್ತ ನಿವೃತ್ತಿಯವರೆಗೂ ಒಂದೇ ಸ್ಟೂಲಿನ ಮೇಲೆ ಕೂತವನು. ಒಂದು ದಿನ ಯಾರೋ ಲಿಫ್ಟಿನಲ್ಲಿ ಒಂದು ಆಟದ ಸಾಮಾನು ಬಿಟ್ಟುಹೋದರು. ಅಂಗೈಯಗಲದ ಚಪ್ಪಟೆ ಡಬ್ಬಿ, ನಡುವೆ ಬೂದುಬಣ್ಣದ ಗಾಜು, ಆ ಕಡೆಗೊಂದು ಈ ಕಡೆಗೊಂದು ಗುಂಡಿ. ಅಪ್ಪ ಅದನ್ನು ಕಾವಲುಗಾರನ ಮೇಜಿನ ಮೇಲಿಟ್ಟ, ಗೋಡೆಗೆ ಚೀಟಿ ಅಂಟಿಸಿದ, ಹತ್ತಿದವರನ್ನು ಇಳಿದವರನ್ನು ಎಲ್ಲ ಕೇಳಿದ. ನಮ್ಮದು ಅಂತ ಯಾರೂ ಬರಲಿಲ್ಲ. ಕೊನೆಗೆ ಮನೆಗೆ ತಂದ.

ಆಟವೇನೋ ಸರಳ. ಗಾಜಿನೊಳಗೆ ಒಂದು ರೈಲು ನಿಂತಿರುತ್ತದೆ. ಅದರ ಬಾಗಿಲುಗಳಿಂದ ಪೆಟ್ಟಿಗೆಗಳು ಒಂದೊಂದಾಗಿ ಬೀಳುತ್ತವೆ. ಕೆಳಗೆ ಕೈಗಾಡಿ ಹಿಡಿದ ಕೂಲಿಯೊಬ್ಬ. ಗುಂಡಿ ಒತ್ತಿ ಅವನನ್ನು ಎಡಕ್ಕೋ ಬಲಕ್ಕೋ ಓಡಿಸಿ ಪೆಟ್ಟಿಗೆ ಹಿಡಿಯಬೇಕು. ಮೂರು ಪೆಟ್ಟಿಗೆ ನೆಲಕ್ಕೆ ಬಿದ್ದರೆ ಆಟ ಮುಗಿಯಿತು. ಮೊದಮೊದಲು ಆರಾಮಾಗಿ ಬೀಳುವ ಪೆಟ್ಟಿಗೆಗಳು ಬರಬರುತ್ತ ಹುಚ್ಚು ಹಿಡಿದಂತೆ ಸುರಿಯತೊಡಗುತ್ತವೆ. ಆಡದೆ ಸುಮ್ಮನಿಟ್ಟಾಗ, ಅದುವರೆಗಿನ ಅತಿ ಹೆಚ್ಚಿನ ಅಂಕ ಗಾಜಿನ ಮೂಲೆಯಲ್ಲಿ ನಿಂತಿರುತ್ತದೆ. ಆ ಮನೆಯ ಆಟದಲ್ಲಿ ನಿಂತದ್ದು 6218.

ಮನೆಗೆ ಯಾರೇ ಬರಲಿ, ಕೂತು ಉಸಿರು ಬಿಡುವ ಮೊದಲೇ ಅಪ್ಪ ಆ ಡಬ್ಬಿಯನ್ನು ಅವರ ಮೂಗಿನ ಮುಂದೆ ಹಿಡಿಯುತ್ತಿದ್ದ. ನನ್ನ ಈ ಅಂಕ ಮುರಿಯುವವರು ಇನ್ನೂ ಹುಟ್ಟಿಲ್ಲ ಅನ್ನುತ್ತಿದ್ದ. ಬಂದವರು ಒಂದು ಕೈ ನೋಡಿ, ಇನ್ನೂರರ ಹತ್ತಿರ ಹೋಗುವಷ್ಟರಲ್ಲಿ ಸೋತು, ನಿಮ್ಮ ಸಮ ಯಾರೂ ಇಲ್ಲ ಬಿಡಿ ಎಂದು ವಾಪಸು ಕೊಡುತ್ತಿದ್ದರು. ಅಮ್ಮ ಅಡುಗೆಮನೆಯಲ್ಲಿ ಟೀ ಸೋಸುತ್ತಿರುತ್ತಿದ್ದಳು.

ಆ ಆಟದ್ದೊಂದು ತಾಪತ್ರಯವಿತ್ತು. ವಿದ್ಯುತ್ತು ಒಂದು ಕ್ಷಣ ತಪ್ಪಿದರೂ ಅಂಕ ಅಳಿಸಿಹೋಗುತ್ತಿತ್ತು. ಪುಣ್ಯಕ್ಕೆ ಡಬ್ಬಿಯ ಬೆನ್ನಲ್ಲಿ ಸೆಲ್ಲಿಗೆ ಎರಡು ಗೂಡುಗಳಿದ್ದವು, ಒಂದರಲ್ಲಿ ಸೆಲ್ಲಿದ್ದರೂ ಆಟ ನಡೆಯುತ್ತಿತ್ತು. ಹಾಗಾಗಿ ಸೆಲ್ ಬದಲಿಸುವಾಗ ಒಂದನ್ನು ಹಾಕಿದ ಮೇಲೆಯೇ ಇನ್ನೊಂದನ್ನು ತೆಗೆಯಬೇಕು. ಮನೆಯ ಮಕ್ಕಳಾದ ಅಕ್ಕ ತಮ್ಮ ಇಬ್ಬರೂ ಈ ಮಾತನ್ನು ಮಗ್ಗಿಯ ಹಾಗೆ ಕೇಳುತ್ತಲೇ ಬೆಳೆದರು.

ಅಪ್ಪ ತೀರಿಕೊಂಡ ಮೇಲೆ ತಮ್ಮ ಆ ಡಬ್ಬಿಯನ್ನು ಹಜಾರದ ಕಪಾಟಿನ ಮೇಲ್ತಟ್ಟಿಗೆ ಏರಿಸಿ, ಮೇಲೊಂದು ಗಾಜಿನ ಬುರುಡೆ ಕವುಚಿದ. ಯಾರೂ ಮುಟ್ಟಕೂಡದು, ಕೈ ತಪ್ಪಿ ಬಿದ್ದರೆ ಅಪ್ಪನ ಅಂಕ ಹೋಯಿತು ಅಂತ ಕಟ್ಟಪ್ಪಣೆ ಮಾಡಿದ. ತಮ್ಮನ ಕೆಲಸ ಕಾರು ಓಡಿಸುವುದನ್ನು ಕಲಿಸುವುದು. ದಿನವಿಡೀ ಪಕ್ಕದ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂರುವವನಾದ್ದರಿಂದ ಅಪ್ಪಣೆ ಮಾಡುವುದು ಅವನಿಗೆ ರೂಢಿಯಾಗಿಹೋಗಿತ್ತು. ಒಂದು ಸಲ ಅಮ್ಮ ಬುರುಡೆ ಎತ್ತಿದ್ದನ್ನು ಕಂಡು, ಧೂಳು ನಾನೇ ಒರೆಸ್ತೀನಿ ಬಿಡಮ್ಮ ಎಂದು ಅವಳ ಕೈಯಿಂದ ಇಸಿದುಕೊಂಡ. ಅಮ್ಮ ಪೊರಕೆ ಎತ್ತಿಕೊಂಡು ಕಸ ಗುಡಿಸತೊಡಗಿದಳು.

ಎರಡು ವರ್ಷ ಹೀಗೇ ಕಳೆಯಿತು. ಆಮೇಲೊಂದು ಬೆಳಗ್ಗೆ ನೋಡಿದರೆ ಅಂಕಿಗಳು ಮಸುಕಾಗಿದ್ದವು. 8 ಯಾವುದು 2 ಯಾವುದು ಎಂದು ಕಣ್ಣು ಕಿರಿದು ಮಾಡಿ ನೋಡಬೇಕಾಗಿತ್ತು. ತಮ್ಮ ಬೆನ್ನಿನ ಮುಚ್ಚಳ ತೆಗೆದ. ಒಂದು ಗೂಡಿನ ಸೆಲ್ಲು ಒಸರಿ ಸುತ್ತ ಬಿಳಿ ಪುಡಿ ಕಟ್ಟಿತ್ತು. ಅದನ್ನು ಕಿತ್ತು ಎಸೆದ. ಉಳಿದದ್ದು ಇನ್ನೊಂದೇ, ಅದೂ ಕೊನೆಯ ಉಸಿರು ಎಳೆಯುತ್ತಿತ್ತು. ಅಪ್ಪ ಕೂಡಿಟ್ಟಿದ್ದ ಸೆಲ್ಲುಗಳ ಡಬ್ಬಿ ಹುಡುಕಿದರು. ಇದ್ದವೆಲ್ಲ ಸತ್ತು ಊದಿಕೊಂಡಿದ್ದವು.

ಅಂಗಡಿ ಅಂಗಡಿ ಅಲೆದದ್ದಾಯಿತು. ನಾಣ್ಯದಂತೆ ದುಂಡಗೆ, ಬಿಸ್ಕತ್ತಿನಷ್ಟು ದಪ್ಪಗಿದ್ದ ಆ ಸೆಲ್ಲನ್ನು ನೋಡಿ ಅಂಗಡಿಯವರು ಇದು ಯಾವ ಕಾಲದ್ದು ಎಂದು ಕೇಳಿದರು. ಕೊನೆಗೆ ಕೈಗಡಿಯಾರ ರಿಪೇರಿಯವನು ವಿಷಯ ಬಿಡಿಸಿ ಹೇಳಿದ. ಅದು ಪಾದರಸದ ಸೆಲ್ಲು, ಪಾದರಸ ವಿಷವೆಂದು ಈಗ ಅದನ್ನು ಮಾಡುವುದನ್ನೇ ನಿಲ್ಲಿಸಿದ್ದಾರೆ, ಎಲ್ಲಾದರೂ ಹಳೆಯದು ಸಿಕ್ಕಿದರೂ ಅದರಲ್ಲಿ ಜೀವವಿರುವುದಿಲ್ಲ ಎಂದ. ಮೊಬೈಲ್ ಚಾರ್ಜರಿನ ತಂತಿ ಕೊಡಬಹುದೇ ಎಂದು ತಮ್ಮ ಕೇಳಿದ್ದಕ್ಕೆ, ಕೊಡಬಹುದು, ಆದರೆ ಒಂದೂವರೆ ವೋಲ್ಟೂ ಬೇಡದ ಯಂತ್ರಕ್ಕೆ ಐದು ವೋಲ್ಟ್ ಬಿಟ್ಟರೆ ಆಮೇಲೆ ನನ್ನ ಹತ್ತಿರ ಬರಬೇಡಿ ಎಂದ.

ಮನೆಗೆ ಬಂದು ತಮ್ಮ ತನ್ನದೇ ದಾರಿ ಹಿಡಿದ. ಗಡಿಯಾರದ ಸಣ್ಣ ಸೆಲ್ಲೊಂದನ್ನು ತಂದು, ಖಾಲಿ ಗೂಡಿನಲ್ಲಿಟ್ಟು, ಉಳಿದ ಜಾಗಕ್ಕೆ ಚಾಕೊಲೇಟಿನ ಬೆಳ್ಳಿ ಕಾಗದ ಮುದುರಿ ತುರುಕಿದ. ಕಾಗದ ಜರುಗಿ ಆ ಕಡೆಗೂ ಈ ಕಡೆಗೂ ತಾಗಿತು. ಅಂಕಿಗಳು ಕಾಣದಷ್ಟು ಮಸುಕಾದವು. ತಮ್ಮ ಹೌಹಾರಿ ಕಾಗದವನ್ನು ಕಿತ್ತೆಸೆದ. ಅಂಕಿಗಳು ಮೆಲ್ಲಗೆ ಮರಳಿ ಮೂಡಿದವು. ಅವನು ಅಲ್ಲೇ ನೆಲದ ಮೇಲೆ ಕುಸಿದು ಕೂತ. ಅವತ್ತು ಪಾಠಕ್ಕೆ ಬಂದ ಹುಡುಗಿಗೆ ರಜೆ ಕೊಟ್ಟ.

ಸಂಜೆ ಕೆಲಸ ಮುಗಿಸಿ ಬಂದ ಅಕ್ಕ ವಿಷಯ ಕೇಳಿ, ಇನ್ನು ನೀನು ಅದಕ್ಕೆ ಕೈ ಹಚ್ಚಬೇಡ ಎಂದಳು. ಅಕ್ಕ ಕೃತಕ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿದ್ದಳು. ಜನರ ಬಾಯಿಯ ಅಚ್ಚು ಬಂದರೆ ಅದಕ್ಕೆ ಸರಿಯಾಗಿ ಒಸಡು ಎರಕ ಹೊಯ್ದು, ಹಲ್ಲು ಕೂರಿಸಿ, ಕಚ್ಚಿದರೆ ನೋಯದ ಹಾಗೆ ಉಜ್ಜಿ ಕೊಡುವ ಕೆಲಸ. ಮೊದಲು ಅವಳು ಕೆಟ್ಟ ಕ್ಯಾಲ್ಕುಲೇಟರಿನ ಸೋಲಾರ್ ಪಟ್ಟಿ ಬಿಚ್ಚಿ, ಆಟಕ್ಕಲ್ಲ, ಒಂದು ಮುರುಕು ಟೇಬಲ್ ಗಡಿಯಾರಕ್ಕೆ ಕಟ್ಟಿ ಕಿಟಕಿಯಲ್ಲಿಟ್ಟು ನೋಡಿದಳು. ಬಿಸಿಲಿದ್ದಷ್ಟು ಹೊತ್ತು ಗಡಿಯಾರ ಓಡಿತು. ಮೋಡವೊಂದು ಅಡ್ಡ ಬಂದದ್ದೇ ಮುಳ್ಳು ನಿಂತಿತು. ಆ ದಾರಿಯನ್ನು ಅಲ್ಲಿಗೇ ಬಿಟ್ಟಳು.

ಆಮೇಲೆ ಅವಳಿಗೆ ಹೊಳೆದದ್ದು ಬೇರೆ. ಸೆಲ್ಲು ಗೂಡಿನೊಳಗೇ ಇರಬೇಕೆಂದು ಯಾರು ಹೇಳಿದರು? ಸೆಲ್ಲು ಹೊರಗಿರಲಿ, ಗೂಡಿನಲ್ಲಿ ಅದರ ವೇಷದ್ದೊಂದು ಬಿಲ್ಲೆ ಇದ್ದರೆ ಸಾಕಲ್ಲ. ಸತ್ತ ಸೆಲ್ಲೊಂದನ್ನು ಲ್ಯಾಬಿಗೆ ಒಯ್ದು ಅಚ್ಚು ತೆಗೆದಳು. ಒಸಡಿಗೆ ಹೊಯ್ಯುವ ಪುಡಿಯನ್ನೇ ಕಲಸಿ ಹೊಯ್ದಳು. ಗಟ್ಟಿಯಾದ ಬಿಲ್ಲೆಯ ಎರಡೂ ಮುಖಕ್ಕೆ ತಾಮ್ರದ ತಗಡು ಅಂಟಿಸಿ, ಕೂದಲೆಳೆಯಂಥ ಎರಡು ತಂತಿ ಬೆಸೆದು, ತುದಿಗೆ ಒಂದು ಪೆನ್ಸಿಲ್ ಸೆಲ್ಲಿನ ತೊಟ್ಟಿಲು ಕಟ್ಟಿದಳು. ಬಿಲ್ಲೆಯ ಬಣ್ಣ ಅಪ್ಪಟ ಒಸಡಿನ ಗುಲಾಬಿ. ತಮ್ಮ ಅದನ್ನು ಕೈಯಲ್ಲಿ ಹಿಡಿದು, ಇದು ಕಚ್ಚಲ್ಲ ತಾನೆ ಎಂದು ಕೇಳಿದ.

ಗಡಿಯಾರದವನಿಗೆ ತೋರಿಸಿದಾಗ ಅವನು ಒಂದೇ ಸಲಹೆ ಕೊಟ್ಟ. ಹೊಚ್ಚ ಹೊಸ ಪೆನ್ಸಿಲ್ ಸೆಲ್ಲು ಹಾಕಬೇಡಿ, ಅದರ ಕಸುವು ಇದಕ್ಕೆ ಒಂಚೂರು ಜಾಸ್ತಿ, ಗಾಜೆಲ್ಲ ಕಪ್ಪಾಗುತ್ತದೆ. ಗೋಡೆ ಗಡಿಯಾರದಲ್ಲಿ ಕೆಲಕಾಲ ದುಡಿದ ಸೆಲ್ಲು ಸಾಕು ಎಂದ. ಅಡುಗೆಮನೆಯ ಗಡಿಯಾರದ ಸೆಲ್ಲು ಬಿಚ್ಚಿದರು. ಆ ವಾರವಿಡೀ ಅಮ್ಮ ದಿನಕ್ಕೊಂದು ಸಲವಾದರೂ ಆಯ್ತಾ, ಯಾವಾಗ ಆಗುತ್ತೆ ಎಂದು ವಿಚಾರಿಸುತ್ತಿದ್ದಳು. ಪಾಪ, ಅಪ್ಪನ ನೆನಪು ಕಾಡುತ್ತಿದೆ ಎಂದು ಮಕ್ಕಳಿಬ್ಬರೂ ತಮ್ಮೊಳಗೆ ಮಾತಾಡಿಕೊಂಡರು.

ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಕೆಲಸ ಶುರುವಾಯಿತು. ಮೇಜಿನ ಒಂದು ಕಾಲು ಗಿಡ್ಡವಿದ್ದದ್ದರಿಂದ ಅದರ ಕೆಳಗೆ ಮಡಿಸಿದ ಪೇಪರು ಇಟ್ಟರು. ಫ್ಯಾನು ನಿಲ್ಲಿಸಿದರು. ಅಕ್ಕ ಖಾಲಿ ಗೂಡನ್ನು ವಿನೆಗರ್ ಅದ್ದಿದ ಹತ್ತಿಕಡ್ಡಿಯಿಂದ ಉಜ್ಜಿ, ಒಣಗಿಸಿ, ಲೋಹ ಹೊಳೆಯುವ ಹಾಗೆ ಮಾಡಿದಳು. ತಮ್ಮ ಡಬ್ಬಿಯನ್ನು ಎರಡೂ ಕೈಯಿಂದ ಹಿಡಿದ. ಪ್ಲಸ್ ಯಾವ ಕಡೆ, ಮೈನಸ್ ಯಾವ ಕಡೆ ಎಂದು ಅವನು ಮತ್ತೆ ಮತ್ತೆ ಕೇಳಿದ, ಅವಳು ಮತ್ತೆ ಮತ್ತೆ ಹೇಳಿದಳು. ಅಮ್ಮ ಎದುರಿಗೆ ಕುರ್ಚಿ ಎಳೆದುಕೊಂಡು ಕನ್ನಡಕ ಹಾಕಿ ಕೂತಳು.

ಅಕ್ಕ ಚಿಮುಟದಿಂದ ಬಿಲ್ಲೆಯನ್ನು ಗೂಡಿಗೆ ಇಳಿಸಿ ಬೆರಳಿನಿಂದ ಅದುಮಿದಳು. ಅಂಕಿಗಳು ಒಮ್ಮೆಲೇ ಕಪ್ಪಗೆ ಗಟ್ಟಿಯಾದವು. ತಡಮಾಡದೆ ಹಳೆಯ ಸೆಲ್ಲನ್ನು ಎಬ್ಬಿಸಿ ತೆಗೆದಳು. ತಮ್ಮ ಡಬ್ಬಿಯನ್ನು ನಿಧಾನಕ್ಕೆ ಮಗುಚಿದ. 6218, ಅಚ್ಚು ಹೊಡೆದಂತೆ ನಿಂತಿತ್ತು.

ತಮ್ಮನ ಕಣ್ಣು ಒದ್ದೆಯಾಯಿತು. ಅಕ್ಕ ಚಿಮುಟ ಕೆಳಗಿಟ್ಟು ಬೆರಳು ಕೊಡವಿಕೊಂಡಳು. ಅಮ್ಮ ಕೈ ಚಾಚಿ, ಕೊಡು ನೋಡೋಣ ಎಂದಳು. ಇಂಥ ಹೊತ್ತಿನಲ್ಲಿ ಇಲ್ಲ ಅನ್ನುವುದು ಹೇಗೆ? ತಂತಿ ಎಳೆಯಬೇಡ, ಮೆತ್ತಗೆ ಎಂದು ತಮ್ಮ ನೂರೆಂಟು ಎಚ್ಚರಿಕೆ ಹೇಳಿ ಕೊಟ್ಟ. ಅಮ್ಮ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಆಟ ಶುರುಮಾಡಿದಳು.

ಒಂದಿಷ್ಟು ಹೊತ್ತು ಆಡಿ ಸಮಾಧಾನ ಮಾಡಿಕೊಳ್ಳಲಿ ಎಂದು ಅಕ್ಕ ಟೀಗೆ ನೀರಿಟ್ಟಳು. ನೀರು ಕುದಿಯಿತು, ಟೀ ಸೋಸಿದ್ದಾಯಿತು, ಕುಡಿದದ್ದಾಯಿತು. ಅಮ್ಮನ ಲೋಟ ಹಾಗೇ ಆರುತ್ತಿತ್ತು. ಅವಳ ಹೆಬ್ಬೆರಳುಗಳು ಮಾತ್ರ ಅಲುಗುತ್ತಿದ್ದವು; ಮೈ ಕಲ್ಲಿನ ಹಾಗಿತ್ತು. ತಮ್ಮ ಹಿಂದೆ ಹೋಗಿ ಬಗ್ಗಿ ನೋಡಿದ. ಎರಡು ಸಾವಿರ ದಾಟಿತ್ತು. ಅಕ್ಕನನ್ನು ಕಣ್ಣಲ್ಲೇ ಕರೆದ. ಇಬ್ಬರೂ ಅಮ್ಮನ ಬೆನ್ನ ಹಿಂದೆ ನಿಂತು ನೋಡತೊಡಗಿದರು. ಪೆಟ್ಟಿಗೆಗಳು ಜಡಿಮಳೆಯ ಹಾಗೆ ಬೀಳುತ್ತಿದ್ದವು. ಕೂಲಿ ಅತ್ತ ಇತ್ತ ಹಾರುತ್ತಿದ್ದ. ನಾಲ್ಕು ಸಾವಿರ. ಐದು ಸಾವಿರ. ಬಿದ್ದದ್ದು ಒಂದೇ ಪೆಟ್ಟಿಗೆ.

ಆರು ಸಾವಿರದ ಹತ್ತಿರ ಬಂದಾಗ ತಮ್ಮನಿಗೆ ತಡೆಯಲಾಗಲಿಲ್ಲ.

"ಅಮ್ಮಾ, ಸಾಕು, ನಿಲ್ಸು."

"ಯಾಕೆ?" ಅಮ್ಮ ಕಣ್ಣೆತ್ತಲಿಲ್ಲ.

"ಇನ್ನು ಸ್ವಲ್ಪ ಆದ್ರೆ ಅಪ್ಪನ ಸ್ಕೋರ್ ಹೋಗ್ಬಿಡುತ್ತೆ."

"ಅಪ್ಪನ ಸ್ಕೋರಾ?" ಅಂದಳು ಅಮ್ಮ. ಹೆಬ್ಬೆರಳು ನಿಲ್ಲಲಿಲ್ಲ. "ಅದು ನಂದು ಕಣೋ. ನಿಮ್ಮಪ್ಪ ಮುನ್ನೂರು ದಾಟಿದ್ದು ನಾನಂತೂ ನೋಡಿಲ್ಲ."

ಗುಂಡಿಗಳು ಟಿಕ್ ಟಿಕ್ ಎನ್ನುತ್ತಲೇ ಇದ್ದವು. 6218 ಬಂತು, ದಾಟಿತು. ಅಮ್ಮ 6540ರವರೆಗೆ ಹೋಗಿ ಮೂರನೆಯ ಪೆಟ್ಟಿಗೆ ಬಿಟ್ಟಳು. ಡಬ್ಬಿಯನ್ನು ಮೇಜಿನ ಮೇಲಿಟ್ಟು, ಬೆರಳು ನೆಟಿಗೆ ತೆಗೆದು, ಆರಿದ ಟೀಯನ್ನು ಗಟಗಟ ಕುಡಿದಳು. ಎರಡು ವರ್ಷ ಮುಟ್ಟದೆ ಕೈ ಜಡ್ಡುಗಟ್ಟಿದೆ, ಇಲ್ಲವಾದರೆ ಏಳು ಸಾವಿರ ಆಗುತ್ತಿತ್ತು ಎಂದಳು.

ಆಮೇಲೆ ಅವಳೇ ನಿಧಾನವಾಗಿ ಹೇಳಿದಳು. ಮದುವೆಗೆ ಮುಂಚಿನಿಂದ ಅವಳು ದುಡಿದದ್ದು ಕಾಲುಚೀಲದ ಕಾರ್ಖಾನೆಯಲ್ಲಿ. ಪಟ್ಟಿಯ ಮೇಲೆ ಸಾಲಾಗಿ ಓಡಿಬರುವ ಕಾಲುಚೀಲಗಳಲ್ಲಿ ಎಳೆ ಬಿಟ್ಟದ್ದನ್ನು ಕಂಡು ಪಕ್ಕಕ್ಕೆ ಎತ್ತಿಹಾಕುವುದೇ ಅವಳ ಕೆಲಸ. ಬೀಳುವ ಪೆಟ್ಟಿಗೆ ಅವಳ ಕಣ್ಣಿಗೆ ಯಾವ ಲೆಕ್ಕ? ಮಕ್ಕಳು ಶಾಲೆಗೆ ಹೋದ ಮೇಲೆ ಎರಡನೆಯ ಪಾಳಿ ಶುರುವಾಗುವವರೆಗೆ ಅವಳು ಆಡುತ್ತಿದ್ದಳು. ಅಪ್ಪ ತನಗೆ ರಜೆಯಿದ್ದ ದಿನ ಪಕ್ಕದಲ್ಲಿ ಕೂತು, ಎಡಕ್ಕೆ, ಬಲಕ್ಕೆ, ಅಯ್ಯೋ ಎಡಕ್ಕೆ ಎಂದು ಕೂಗಿ ಕೆಡಿಸುತ್ತಿದ್ದ. 6218 ಆದ ದಿನ ಅವನಿಗೆ ಗಂಟಲು ಕಟ್ಟಿತ್ತು, ಅದಕ್ಕೇ ಅಷ್ಟು ಬಂದದ್ದು.

"ಮತ್ತೆ ಅಪ್ಪ ಎಲ್ರಿಗೂ ತನ್ನದು ಅಂತ ಹೇಳ್ತಿದ್ದನಲ್ಲ?" ತಮ್ಮನ ದನಿ ಸಣ್ಣದಾಗಿತ್ತು.

"ಹೇಳ್ಲಿ ಬಿಡು ಅಂತ ಸುಮ್ಮನಿದ್ದೆ. ದಿನಾ ಪೂರ್ತಿ ಬೇರೆಯವರು ಹೇಳಿದ ಕಡೆ ಹೋಗಿ ನಿಲ್ಲೋ ಕೆಲಸ ಅವರದ್ದು. ಮನೇಲಿ ಒಂದು ವಿಷಯಕ್ಕೆ ಎದೆ ಉಬ್ಬಿಸ್ಕೊಂಡ್ರೆ ನಂದೇನು ಹೋಗುತ್ತೆ?"

"ನಮಗಾದ್ರೂ ಹೇಳ್ಬಹುದಿತ್ತಲ್ಲ, ಅಪ್ಪ ಹೋದ ಮೇಲೆ," ಎಂದಳು ಅಕ್ಕ.

"ನೀವು ಅದನ್ನ ಗಾಜೊಳಗಿಟ್ಟು ಅಷ್ಟು ಭಕ್ತಿಯಿಂದ ನೋಡ್ತಿದ್ರಿ. ಹೆಂಗೆ ಹೇಳ್ಲಿ?"

ತಮ್ಮ ಎದ್ದು ಬಾಲ್ಕನಿಗೆ ಹೋದ. ಅವನಿಗೆ ಬೇಜಾರಾಗಿತ್ತು, ಆದರೆ ಯಾರ ಮೇಲೆ ಎಂದು ಅವನಿಗೇ ಗೊತ್ತಾಗುತ್ತಿರಲಿಲ್ಲ. ಅಪ್ಪ ಸುಳ್ಳು ಹೇಳಿದ್ದಕ್ಕೆ ಕೋಪ ಮಾಡಿಕೊಳ್ಳೋಣವೆಂದರೆ ಅವನು ಎದುರಿಗಿಲ್ಲ. ಅಮ್ಮನಿಗೆ ಮುಟ್ಟಬೇಡ ಅಂದದ್ದು ತಾನು. ಎರಡು ವರ್ಷ ಅವಳು ಆ ಕಪಾಟಿನ ಮುಂದೆ ಕಸ ಗುಡಿಸಿದ್ದು ಕಣ್ಣಿಗೆ ಬಂತು. ಅಕ್ಕ ಹಿಂದೆಯೇ ಬಂದು ಪಕ್ಕದಲ್ಲಿ ನಿಂತಳು. ಮುನ್ನೂರು ಅಂತೆ, ಅಂದಳು. ಅವನಿಗೆ ನಗು ಬಂದುಬಿಟ್ಟಿತು. ಅವಳಿಗೂ ಬಂತು. ಒಳಗಿನಿಂದ ಮತ್ತೆ ಗುಂಡಿಗಳ ಸದ್ದು ಕೇಳಿಸತೊಡಗಿತ್ತು.

ಎರಡು ಮೂರು ದಿನ ತಮ್ಮ ಅಷ್ಟಕ್ಕಷ್ಟೇ ಇದ್ದ. ಆಮೇಲೆ ತಾನಾಗಿಯೇ ಗಾಜಿನ ಬುರುಡೆಯನ್ನು ಒಳಗೆ ಎತ್ತಿಟ್ಟ. ಅಕ್ಕ ಲ್ಯಾಬಿನಲ್ಲಿ ಇನ್ನೊಂದು ಬಿಲ್ಲೆ ಹೊಯ್ದು ತಂದಳು. ಈಗ ಎರಡೂ ಗೂಡಿಗೆ ಒಂದೊಂದು, ಸೆಲ್ಲು ಬದಲಿಸಲು ಅಮ್ಮನಿಗೆ ಯಾರ ಹಂಗೂ ಇರಲಿಲ್ಲ. ಪೆನ್ಸಿಲ್ ಸೆಲ್ಲುಗಳು ಜರುಗದ ಹಾಗೆ ತಮ್ಮ ಡಬ್ಬಿಯ ಬೆನ್ನಿಗೆ ರಬ್ಬರ್ ಪಟ್ಟಿ ಹಾಕಿಕೊಟ್ಟ. ನೋಡಲು ಚಂದವಿರಲಿಲ್ಲ, ಹಿಡಿಯಲು ಮೊದಲಿಗಿಂತ ಹಿತವಾಗಿದೆ ಎಂದು ಅಮ್ಮ ಒಪ್ಪಿದಳು.

ಒಂದು ಸಂಜೆ ತಮ್ಮ ಬೇಗ ಬಂದವನು ನನಗೂ ಕಲಿಸು ಎಂದು ಪಕ್ಕದಲ್ಲಿ ಕೂತ. ನೂರಾ ನಲವತ್ತಕ್ಕೆ ಮೂರೂ ಪೆಟ್ಟಿಗೆ ಬಿಟ್ಟ. ಪೆಟ್ಟಿಗೆಯನ್ನೇ ನೋಡಬೇಡ, ಅದು ಬೀಳುವ ಜಾಗ ನೋಡು ಎಂದು ಅಮ್ಮ ಹೇಳಿದಳು. ಅವನು ಎರಡನೆಯ ಸಲ ನೂರಾ ಎಪ್ಪತ್ತಕ್ಕೆ ಸೋತು, ಈ ಗುಂಡಿ ಸರಿಯಿಲ್ಲ ಎಂದ.

"ಗುಂಡಿ ಸರಿಯಾಗೇ ಇದೆ," ಎಂದಳು ಅಮ್ಮ. "ನೀನು ಬ್ರೇಕ್ ಒತ್ತೋ ಹಾಗೆ ಒತ್ತುತ್ತಿದ್ದೀಯ. ಇಲ್ಲಿ ಕೊಡು."

ಅವನು ಕೊಟ್ಟು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.