ತಟ್ಟೆಯ ಮೇಲೆ ಎರಡು ಗೆರೆ

ಗುಲಾಬಿ ಬಣ್ಣದ ನೀರು ಪರೀಕ್ಷೆಯ ಪಟ್ಟಿಯ ಮೇಲೆ ಮೆಲ್ಲಗೆ ಹರಿಯುತ್ತಿದೆ, ನನ್ನ ಪುಟ್ಟಿಯ ಬೆರಳ ತುದಿಯ ರಕ್ತ, ಒಂದೇ ಹನಿ, ಅವಳು ಅಳಲಿಲ್ಲ, ಅದೇ ಹೆದರಿಕೆ, ಸೂಜಿ ಕಂಡರೆ ಬೀದಿಗೆಲ್ಲ ಕೇಳುವಂತೆ ಕಿರುಚುವವಳು ಸುಮ್ಮನೆ ಕೈ ಚಾಚಿದಳು — ಮೈ ಕಾದ ಹೆಂಚು, ತೊಡೆಯ ಮೇಲೆ ಮಲಗಿಸಿಕೊಂಡರೆ ಬಟ್ಟೆ ದಾಟಿ ಸುಡುತ್ತದೆ, ಭಾರ ಮಾತ್ರ ಇಲ್ಲ, ಎಂದೂ ಇರಲಿಲ್ಲ. ಒಂದು ಗೆರೆ ಮೂಡಿದರೆ ಪರೀಕ್ಷೆ ಸರಿಯಾಗಿ ನಡೆದಿದೆ ಎಂದು, ಪಕ್ಕದಲ್ಲಿ ಇನ್ನೊಂದು ಮೂಡಿದರೆ ಮಲೇರಿಯಾ, ಕಾಯಬೇಕು, ಇರಮ್ಮಾ, ಗಾಬರಿ ಬೀಳಬೇಡ, ಈಗ ಗೊತ್ತಾಗುತ್ತೆ, ಎಷ್ಟು ತಾಯಂದಿರಿಗೆ ಎಷ್ಟು ಸಲೀಸಾಗಿ ಹೇಳಿದ್ದೇನೆ. ಬೆಳಗಿನಿಂದ ನಡೆದ ಕಾಲು ನನ್ನದಲ್ಲ ಎನ್ನಿಸುತ್ತಿದೆ, ಹೆಗಲ ಚೀಲ ಇನ್ನೂ ಇಳಿಸಿಲ್ಲ, ಅದರ ಒಂದು ಕಡೆ ಮಲೇರಿಯಾ ತಡೆಯುವ ಕಹಿ ಮಾತ್ರೆ, ಇನ್ನೊಂದು ಕಡೆ ಕಡಲೆಬೀಜ ಅರೆದ ಸಿಹಿಯ ಪೊಟ್ಟಣ, ಮಳೆಗಾಲ ಮುಗಿಯುವ ತನಕ ತಿಂಗಳು ತಿಂಗಳು ಐದು ತುಂಬದ ಮಕ್ಕಳಿಗೆಲ್ಲ ಎರಡನ್ನೂ ಒಟ್ಟಿಗೆ ತಲುಪಿಸಿ, ಜ್ವರವೂ ಹತ್ತಿರ ಬರಲ್ಲ, ಮೈಯೂ ತುಂಬಿಕೊಳ್ಳುತ್ತೆ ಅಂದಿದ್ದರು ಆರೋಗ್ಯ ಕೇಂದ್ರದ ಸೂಪರ್‌ವೈಸರ್ ಮೇಡಂ, ಹಾಗಾಗಿ ಬೀದಿಯಲ್ಲಿ ನನಗೆ ಕಹಿಸಿಹಿ ಅಕ್ಕ ಎಂದೇ ಹೆಸರು, ಬಂದ್ಲು ಓಡ್ರೋ, ಏ ನಿಲ್ರೋ, ಸಿಹೀನೂ ತಂದಿದಾಳೆ — ಇಸ್ತ್ರಿ ಅಂಗಡಿಯವನು ಬೇರೆ, ಅಕ್ಕಾ ನನಗೊಂದು ಪೊಟ್ಟಣ ಕೊಡಿ, ನಾನೂ ಸೊರಗಿದೀನಿ, ಐದು ವರ್ಷದ ಒಳಗಿರಬೇಕಪ್ಪಾ, ಬುದ್ಧಿ ಅಷ್ಟೇ ಇದೆ ಅಕ್ಕಾ, ಸಾಲದಾ. ನಕ್ಕಿದ್ದೆ, ಇವತ್ತು ಬೆಳಿಗ್ಗೆಯೇ ನಕ್ಕಿದ್ದು. ಮೊದಲ ದಿನದ ಮಾತ್ರೆ ನನ್ನ ಕಣ್ಣೆದುರಿಗೆ, ಉಳಿದೆರಡು ದಿನದ್ದು ಮನೆಯವರ ಕೈಗೆ, ಅಯ್ಯೋ ಉಗುಳಿಬಿಡುತ್ತೆ ಕಣಕ್ಕಾ ಇದು, ಹಾಗಾದರೆ ಪುಡಿ ಮಾಡಿ ಸಿಹಿಯಲ್ಲಿ ಕಲಸಿ, ಚಪ್ಪರಿಸ್ಕೊಂಡು ತಿನ್ನುತ್ತೆ ನೋಡಿ — ಇದು ಮೇಡಂ ಹೇಳಿಕೊಟ್ಟದ್ದಲ್ಲ, ನನ್ನದೇ ಜಾಣತನ, ಮನೆಮನೆಗೂ ಹಂಚಿದ ಜಾಣತನ.

ಅತ್ತೆ ಒದ್ದೆ ಬಟ್ಟೆ ಹಿಂಡಿ ಹಣೆಗೆ ಹಾಕುತ್ತಾರೆ, ಹಾಕುತ್ತಲೇ ಆರುತ್ತದೆ, ನೀನು ಹೇಳಿದ ಹಾಗೇ ಮಾಡಿದೀನಿ ಕಣೇ, ಒಂದು ದಿನಾನೂ ತಪ್ಪಿಸಿಲ್ಲ, ಮಾತ್ರೆ ಪುಡಿ ಮಾಡಿ, ಕಲಸಿ, ತಟ್ಟೇಲಿ ಹರಡಿದೆ, ದೊಡ್ಡವನೂ ನಡುವಿನವನೂ ಎದುರಿಗೇ ಕೂತಿದ್ರು, ಒಂದರ ಬಾಯಿಗಿಟ್ಟು ಇನ್ನೆರಡನ್ನ ನೋಡ್ತಾ ಕೂರಿಸೋಕಾಗುತ್ತೇನೇ, ಚಮಚದ ಹಿಡೀಲಿ ಎರಡು ಗೆರೆ ಎಳೆದು ಮೂರು ಪಾಲು ಮಾಡ್ದೆ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಹೆಮ್ಮೆಯಿಂದಲೇ ಹೇಳಿದರು. ಸಿಹಿ ಮೂರು ಪಾಲಾದರೆ ಅದರೊಳಗಿನ ಮಾತ್ರೆಯೂ ಮೂರು ಪಾಲು, ಪುಟ್ಟಿಯ ಹೊಟ್ಟೆಗೆ ಸೇರಿದ್ದು ಅದರಲ್ಲೊಂದು, ಸೊಳ್ಳೆಗೆ ಇದೆಲ್ಲ ಗೊತ್ತಾಗುತ್ತದೆಯೇ, ಅದಕ್ಕೆ ಪೂರ್ತಿ ಮಗು ಸಿಕ್ಕಿತು. ಹಂಚಬೇಡಿ, ಇದು ಚಿಕ್ಕದಕ್ಕೆ ಮಾತ್ರ, ಎಂದು ಎಲ್ಲರ ಹೊಸ್ತಿಲಲ್ಲೂ ಗಂಟಲು ಹರಿದುಕೊಂಡವಳು ನನ್ನ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಕಲಸಿ ಕೊಡಿ ಅತ್ತೆ ಅಂದು ಓಡಿದ್ದೆ, ದೀಪದ ಬುಡದಲ್ಲೇ ಕತ್ತಲೆ, ಸಿಟ್ಟು ಯಾರ ಮೇಲೆ ಮಾಡಲಿ, ನನ್ನಮ್ಮನೂ ಒಂದೇ ಮೊಟ್ಟೆಯನ್ನು ದಾರದಲ್ಲಿ ಕೊಯ್ದು ನಮಗೆಲ್ಲ ಇಡುತ್ತಿದ್ದಳು, ಹಾಗೆ ಕೊಯ್ಯಲು ಬರುವವಳೇ ತಾಯಿ ಎಂದು ತಿಳಿದು ಬೆಳೆದೆ — ಎದುರು ಮನೆಯ ಹೊಲಿಗೆಯವಳು ಮೊನ್ನೆ ಏನಂದಳು, ನಿಮ್ಮ ಉಪಾಯ ಸೂಪರ್ ಅಕ್ಕಾ, ಒಂಚೂರೂ ಉಗುಳಲಿಲ್ಲ, ಎಲ್ಲರೂ ತಿಂದ್ರು. ಎಲ್ಲರೂ. ಆಗ ಆ ಮಾತು ಕಿವಿಗೆ ಬಿದ್ದು ಹಾಗೇ ಜಾರಿತ್ತು, ಈಗ ಎಷ್ಟು ಮನೆಗಳಲ್ಲಿ ಎಷ್ಟು ತಟ್ಟೆ, ಹೋಗಬೇಕು, ಇವತ್ತೇ, ಪ್ರತಿ ಬಾಗಿಲಿಗೂ, ಮೊದಲು ಮಾತ್ರೆ ಮಾತ್ರ, ನೀರಿನಲ್ಲಿ, ಆಮೇಲೆ ಸಿಹಿ, ಎರಡನ್ನೂ ಸೇರಿಸಬೇಡಿ ಎಂದು, ಆದರೆ ತೊಡೆಯ ಮೇಲೆ ಈ ಬಿಸಿ ಇಟ್ಟುಕೊಂಡು ಎಲ್ಲಿಗೆ ಏಳಲಿ.

ಪಟ್ಟಿಯ ಗುಲಾಬಿ ತಿಳಿಯಾಗುತ್ತಿದೆ, ಒಂದು ಗೆರೆ ಬಂದಿದೆ, ಬರಲೇಬೇಕಾದದ್ದು, ಪಕ್ಕ ಇನ್ನೂ ಬಿಳಿ, ಬಿಳಿಯಾಗಿಯೇ ಇರಲಿ, ಸಾಮಾನ್ಯ ಜ್ವರವಾಗಿರಲಿ, ಹಲ್ಲು ಬರುವ ಜ್ವರವಾಗಿರಲಿ, ಅವಳಿಗೆ ಹಲ್ಲೆಲ್ಲ ಬಂದಾಗಿದೆ, ಇರಲಿ — ದೊಡ್ಡವನು ಬಾಗಿಲಿಗೊರಗಿ ನಿಂತಿದ್ದಾನೆ, ಅಮ್ಮಾ, ನನ್ನ ಪಾಲು ಅವಳಿಗೇ ಕೊಡಬೇಕಿತ್ತಾ, ಇಲ್ಲ ಕಂದಾ, ನಿನ್ನ ತಪ್ಪಲ್ಲ, ರಿಕ್ಷಾದವನನ್ನು ನಿಲ್ಲಿಸಿಕೊಂಡಿರು, ಆಸ್ಪತ್ರೆಗೆ ಹೋಗಬೇಕಾಗಬಹುದು, ಅತ್ತೆಯ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿದೆ, ಏನಂತೇ ಅದು, ಬಂತೇನೇ, ಬಿಳಿಯ ಮೇಲೆ ಏನೋ ಕದಲಿದ ಹಾಗೆ, ನನ್ನ ಕಣ್ಣಿನದೇ ಇರಬೇಕು, ದಣಿದ ಕಣ್ಣು, ಒರೆಸಿಕೊಂಡು ಮತ್ತೆ ನೋಡುತ್ತೇನೆ, ಪಟ್ಟಿಯ ಜಾಗದಲ್ಲಿ ತಟ್ಟೆ, ತಟ್ಟೆಯ ತುಂಬ ಹರಡಿದ ಸಿಹಿ, ಚಮಚದ ಹಿಡಿ ಅಂಚಿನಿಂದ ಅಂಚಿಗೆ ಎಳೆಯುತ್ತಿದೆ, ಒಂದು ಗೆರೆ, ನೆಟ್ಟಗೆ, ಅದರ ಪಕ್ಕದಲ್ಲಿ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ, ಇನ್ನೊಂದು