ಹದಿನಾರಣ್ಣನ ಕಂಪ್ಯೂಟರ್

"ಮತ್ತೆ ಸತ್ತಿತಾ? ನೀನು ಮುಟ್ಟಿದ್ದೆಲ್ಲ ಹಿಂಗೇ ನೋಡಮ್ಮ," ಅಂದರು ಮೇಲಧಿಕಾರಿ, ಕಂಪ್ಯೂಟರಿನ ಮುಂದೆ ಕೂತಿದ್ದ ಹೊಸ ಹುಡುಗಿಯ ಪೊಟ್ಟಣದಿಂದ ಬಿಸ್ಕತ್ತು ತೆಗೆದು ಚಹಾಕ್ಕೆ ಅದ್ದುತ್ತಾ.

ಬೆನ್ನ ಹಿಂದೆ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಹದಿನಾರಣ್ಣ ಅಂತ. ಒಟ್ಟಿಗೇ ಹದಿನಾರು ಕೆಲಸ ಮಾಡಬಲ್ಲ ಹದಿನಾರು ಕೋರಿನ ಕಂಪ್ಯೂಟರನ್ನು ತಾವೇ ಆರಿಸಿದ್ದು ಅಂತ ಬೀಗರ ಮುಂದೂ ಕೊಚ್ಚಿಕೊಳ್ಳುವ ಆಸಾಮಿ. ಮೆಮೊರಿಯನ್ನು ಮಾತ್ರ ದುಡ್ಡು ಉಳಿಸಲು ಅದೇ ಕೈಯಿಂದ ಅರ್ಧಕ್ಕೆ ಇಳಿಸಿದ್ದರು. ಅದು ನೆಂಟರ ಕಣ್ಣಿಗೆ ಬೀಳುವ ಸಾಮಾನಲ್ಲವಲ್ಲ.

ಅವರ ಕಂಪನಿಯ ಲಿಫ್ಟಿಗೆ ಬಂದ ಹೊಸ ಚಿಪ್ಪಿಗೆ, ಬರೆದ ಪ್ರೋಗ್ರಾಮನ್ನು ಅದರ ಭಾಷೆಗೆ ತಿರುಗಿಸುವ ಸಿದ್ಧ ಕಂಪೈಲರ್ ಎಲ್ಲೂ ಸಿಗುತ್ತಿರಲಿಲ್ಲ. ಮೂಲ ಕೋಡಿನಿಂದಲೇ ಕಟ್ಟಿಕೊಳ್ಳಬೇಕು. ಸಂಜೆಯೊಳಗೆ ಕಟ್ಟಿ ಮುಗಿಸಿದರೆ ಅವಳ ಕೆಲಸ ಖಾಯಂ. ಇಲ್ಲದಿದ್ದರೆ 'ಕೈಲಾಗದವಳು' ಅಂತ ಬರೆದು ಕಳಿಸುವವರೂ ಇದೇ ಮಹಾನುಭಾವರು.

"ಸರ್, ಕೊನೇಲಿ ಬಿಡಿಭಾಗ ಜೋಡಿಸೋವಾಗ ಒಂದೊಂದು ಕೆಲಸಾನೂ ಸಿಕ್ಕಾಪಟ್ಟೆ ಮೆಮೊರಿ ತಿನ್ನುತ್ತೆ. ಹದಿನಾರನ್ನೂ ಒಟ್ಟಿಗೆ ಓಡಿಸಿದ್ರೆ ಜಾಗ ಸಾಲದೆ ಸಿಸ್ಟಮ್ಮೇ ಒಂದರ ಕತ್ತು ಹಿಸುಕುತ್ತೆ. ಎರಡೆರಡೇ ಓಡಿಸೋಣ."

"ಹದಿನಾರು ಆಳು ಇಟ್ಕೊಂಡು ಇಬ್ಬರ ಕೈಲಿ ಕೆಲಸ ಮಾಡಿಸ್ತೀಯಾ? ನಿಮ್ಮಪ್ಪನ ಮನೇಲಿ ಹಿಂಗೇನಾ?"

ಅಪ್ಪನ ಮನೆಯ ಅಡುಗೆಕೋಣೆ ಅಂಗೈಯಗಲ. ಅಲ್ಲಿಗೆ ಹದಿನಾರು ಜನ ನುಗ್ಗಿದರೆ ಒಲೆಯೂ ಹೊತ್ತುವುದಿಲ್ಲ ಅನ್ನುವಷ್ಟು ಬುದ್ಧಿ ಅಲ್ಲಿನ ಬೆಕ್ಕಿಗೂ ಇತ್ತು.

"ಏಳು, ನಾನು ತೋರಿಸ್ತೀನಿ."

ತಾವೇ ಕೂತು ಹದಿನಾರು ಅಂತ ಒತ್ತಿದರು. ಅಷ್ಟಕ್ಕೇ ಸುಮ್ಮನಿದ್ದರೂ ಆಗುತ್ತಿತ್ತು. ಮೆಮೊರಿ ಯಾಕೆ ಸಾಲುತ್ತಿಲ್ಲ ಅಂತ ಇಂಟರ್ನೆಟ್ಟಿನಲ್ಲಿ ಹುಡುಕಲು ಹೊರಟರು, ಅದೂ ಅದೇ ಕಂಪ್ಯೂಟರಿನಲ್ಲಿ. ಒಂದು ಪುಟದ ಮೇಲೆ ಇನ್ನೊಂದು ಪುಟ, ನಡುವೆ ಒಂದು ವಿಡಿಯೋ ಬೇರೆ, ಎಲ್ಲವೂ ಇದ್ದಷ್ಟು ಮೆಮೊರಿಯನ್ನೇ ತಿಂದವು. ಮುಳುಗುತ್ತಿರುವ ದೋಣಿಗೆ ಆಳ ನೋಡುತ್ತೇನೆಂದು ತೂತು ಕೊರೆದಂತೆ. ಮೌಸಿನ ಬಾಣ ನಡುಪರದೆಯಲ್ಲೇ ಕಲ್ಲಾಯಿತು.

"ಏನೋ ಮಾಡಿಟ್ಟಿದ್ದೀಯ ಇದಕ್ಕೆ," ಅಂದು ಕೈ ಒರೆಸಿಕೊಂಡು ಮೀಟಿಂಗಿಗೆ ಎದ್ದುಹೋದರು.

ಅವಳು ಕಂಪ್ಯೂಟರನ್ನು ಆಫ್ ಮಾಡಿ ಮತ್ತೆ ಆನ್ ಮಾಡಿ, ಎರಡು ಅಂತ ಒತ್ತಿದಳು. ಕೆಲಸ ತೆವಳುತ್ತಾ ತೆವಳುತ್ತಾ ಸಾಗಿತು, ಆದರೆ ಸಾಯಲಿಲ್ಲ. ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಅವರು ಬಂದು ಹೆಗಲ ಮೇಲಿಂದ ಬಗ್ಗಿದರು.

"ಎಷ್ಟು ಓಡ್ತಿದೆ?"

ನಿಜ ಹೇಳಿದರೆ ಆ ಕೈ ಕೀಬೋರ್ಡಿಗೇ ಬರುತ್ತದೆ.

"ಹದಿನಾರು ಸರ್. ನೀವು ಹೇಳಿದ ಹಾಗೇ."

"ನೋಡಿದ್ಯಾ? ಹೇಳಿದ ಮಾತು ಕೇಳಬೇಕು."

"ಹೌದು ಸರ್. ತಲೆ ಇರೋರು ಇರಬೇಕು."

ಅವರು ತೃಪ್ತಿಯಿಂದ ತಲೆದೂಗಿ, ಪೊಟ್ಟಣದಲ್ಲಿ ಉಳಿದಿದ್ದ ಅವಳ ಬಿಸ್ಕತ್ತನ್ನೂ ಎತ್ತಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಹೊಸ ಕಂಪೈಲರಿನಿಂದ ಮೊದಲ ಪ್ರೋಗ್ರಾಂ ಚಿಪ್ಪಿಗೆ ಇಳಿಯಿತು. ಪರೀಕ್ಷೆಗೆಂದು ಮೇಜಿನ ಮೇಲೆ ಜೋಡಿಸಿಟ್ಟಿದ್ದ ಲಿಫ್ಟಿನ ಗುಂಡಿಗಳಲ್ಲಿ, ಮೇಲಕ್ಕೆ ಅನ್ನುವ ಬಾಣ ಹೊತ್ತಿಕೊಂಡಿತು.